ಮೋಟಾರಿನ ಮುಂದೀಪದ ಬಲ್ಬನ್ನು ಮನೆಯಲ್ಲಿಯೇ ಬದಲಿಸುವ ಕ್ರಮ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಗ್ರಾಮಪ್ರಮುಖರಿಗೂ ಭೂಮಾಲೀಕರಿಗೂ)

ಪೀಠಿಕೆ

ಘಟಪ್ರಭೆ ಹಿರಣ್ಯಕೇಶಿಗಳ ನೀರುಂಡು ಬೆಳೆದ ಕಬ್ಬಿನ ಸುಗ್ಗಿಯು ಕಾರ್ತಿಕದ ಸುಮಾರಿಗೆ ಮೊದಲಾಗಿ ಮಾಘ ಫಾಲ್ಗುಣಗಳವರೆಗೆ ನಡೆಯುವದೆಂಬುದು ನಮ್ಮ ವಾಚಕರಿಗೆ ತಿಳಿದದ್ದೇ. ಆ ನಾಲ್ಕೈದು ತಿಂಗಳು ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ, ಬೆಲ್ಲದ ಬಾಗೇವಾಡಿ ಮತ್ತು ಹುಣಶ್ಯಾಳ ಪಿ.ಜಿ.ಯ ಕಾರಖಾನೆಗಳು, ಘಟಪ್ರಭಾ ಸಹಕಾರಿ ಕಾರಖಾನೆ ಮುಂತಾದವುಗಳ ದಾರಿಗಳಲ್ಲಿ ಹಗಲಿರುಳೆನ್ನದೆ ಕಬ್ಬಿನ ಗಾಡಿಗಳ ಸಾಲು ಸಾಗಿರುತ್ತದೆ. ಅದೇ ದಾರಿಗಳಲ್ಲಿ ಸಂತೆಯಿಂದ ಮರಳುವ ಕಾರುಗಳೂ, ಜೀಪುಗಳೂ, ಹಾಲಿನ ಡಬ್ಬಿ ಕಟ್ಟಿದ ಮೋಟಾರ್ ಸೈಕಲ್ಲುಗಳೂ, ಕಾಲ್ನಡಿಗೆಯ ಕೂಲಿಕಾರರೂ ಸಂಚರಿಸುವರು. ಹುಕ್ಕೇರಿ ತಾಲ್ಲೂಕಿನಲ್ಲಿಯಂತೂ ಪುಣೆ ಬೆಂಗಳೂರು ಹೆದ್ದಾರಿಯ ವೇಗದ ವಾಹನಗಳು ಇವುಗಳ ಜೊತೆಗೆ ಕೂಡಿಕೊಳ್ಳುವವು.

ನಮ್ಮ ಸೀಮೆಗೆ ಯಂತ್ರಶಕ್ತಿಯ ಪರಿಚಯವು ಹೊಸದಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ 1887ರಲ್ಲಿಯೇ ಅಲ್ಲಿಯ ನೂಲಿನ ಗಿರಣಿಯು ನಡೆಯಲಾರಂಭಿಸಿತು. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸದಸ್ಯರ ಮನೆ ಹೊಲಗಳಿಗೆ ದೀಪವನ್ನೂ ಪಂಪಿಗೆ ಶಕ್ತಿಯನ್ನೂ ಒದಗಿಸಿ ದೇಶಕ್ಕೆ ಮಾದರಿಯಾಯಿತು. ಊರ ಕಂಬದ ದೀಪವು ಆರಿದರೆ ಹೇಳಿ ಕೇಳಿ ಸರಿಪಡಿಸಿಕೊಳ್ಳಲು ಸಂಘವಿದೆ, ಪಂಚಾಯತಿಯಿದೆ. ಆದರೆ ತನ್ನ ವಾಹನದ ದೀಪವನ್ನು ನೋಡಿಕೊಳ್ಳತಕ್ಕವನು ವಾಹನದ ಒಡೆಯನೊಬ್ಬನೇ. ಈ ಕೆಲಸವು ಕಾಲು ಗಂಟೆಯದು, ವೆಚ್ಚವು ಒಂದು ಟನ್ನು ಕಬ್ಬಿನ ಬೆಲೆಯ ಸಣ್ಣದೊಂದು ಪಾಲು. ಹೀಗಿದ್ದೂ "ನಾಳೆ ಪೇಟೆಗೆ ಹೋದಾಗ ನೋಡೋಣ" ಎಂದು ವಾರಗಟ್ಟಲೆ ಮುಂದೂಡುವವರು ಅನೇಕರು. ಆದಕಾರಣ ಮುಂದೀಪದ, ಅಂದರೆ ಜನರು ಹೆಡ್‌ಲೈಟು ಎಂದು ಕರೆಯುವ ದೀಪದ ಬಲ್ಬನ್ನು ಮನೆಯಲ್ಲಿಯೇ ಬದಲಿಸುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಒಕ್ಕಣ್ಣಿನ ವಾಹನದ ಅಪಾಯ

ಎರಡು ದೀಪಗಳಲ್ಲಿ ಒಂದು ಆರಿದರೆ ಬೆಳಕು ಅರ್ಧವಾಗುವದಷ್ಟೇ ಎಂದು ಅನೇಕರು ತಿಳಿದಿರುವರು. ಇದು ತಪ್ಪು ತಿಳುವಳಿಕೆ. ದೀಪವು ನಾವು ಕಾಣುವದಕ್ಕಾಗಿ ಮಾತ್ರವಲ್ಲ, ಪರರಿಗೆ ನಾವು ಕಾಣುವದಕ್ಕಾಗಿಯೂ ಇದೆ. ಕತ್ತಲೆಯಲ್ಲಿ ಎದುರಿನಿಂದ ಬರುವವನಿಗೆ ನಮ್ಮ ವಾಹನದ ಆಕಾರವು ಕಾಣುವದಿಲ್ಲ. ಕಾಣುವದು ದೀಪಗಳು ಮಾತ್ರ. ಎರಡು ದೀಪಗಳ ನಡುವಿನ ಅಂತರದಿಂದಲೇ ಅವನು ವಾಹನದ ಅಗಲವನ್ನು ಊಹಿಸುವನು. ಒಂದೇ ದೀಪ ಕಂಡರೆ ಮೋಟಾರ್ ಸೈಕಲ್ಲೆಂದು ಭಾವಿಸಿ ಅಷ್ಟೇ ಜಾಗವನ್ನು ಬಿಟ್ಟು ಬರುವನು.

ಇದರಲ್ಲಿಯೂ ಬಲಗಡೆಯ ದೀಪವು ಆರಿರುವದು ಹೆಚ್ಚು ಘೋರವಾದದ್ದು. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಕ್ಕೆ ನಡೆಯುವದರಿಂದ ಎದುರು ವಾಹನವು ನಮ್ಮ ಬಲಮಗ್ಗುಲಿಗೆ ಹಾಯ್ದು ಹೋಗುವದು. ಬಲದೀಪ ಆರಿ ಎಡದೀಪ ಮಾತ್ರ ಉರಿಯುತ್ತಿದ್ದರೆ ಎದುರಿನವನಿಗೆ ರಸ್ತೆಯ ಅಂಚಿನಲ್ಲಿ ಒಂದು ದ್ವಿಚಕ್ರ ಬರುತ್ತಿರುವಂತೆ ತೋರುವದು. ಆ ದೀಪದಿಂದ ಬಲಕ್ಕೆ ನಾಲ್ಕೈದು ಅಡಿ ಚಾಚಿಕೊಂಡಿರುವ ಕಬ್ಬಿಣದ ಮೈ ಅವನ ದಾರಿಯ ಕಡೆಗೇ ಇದ್ದರೂ ಅದು ಅವನ ಕಣ್ಣಿಗೆ ಬೀಳುವದು ಮುಟ್ಟುವಷ್ಟು ಹತ್ತಿರ ಬಂದ ಮೇಲೆಯೇ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುವದು. ಎದುರು ಬದುರಾಗಿ ಬರುವ ಎರಡು ವಾಹನಗಳ ನಡುವಿನ ಅಂತರವು ಇದರ ಇಮ್ಮಡಿ ವೇಗದಿಂದ ಕರಗುವದು. ತಪ್ಪನ್ನು ತಿದ್ದಿಕೊಳ್ಳಲು ಅಲ್ಲಿ ಅವಕಾಶವೆಲ್ಲಿಯದು?

ಎಡದೀಪವು ಆರಿದ್ದರೆ ಅಪಾಯವು ಬೇರೆ ತರದ್ದು. ರಸ್ತೆಯ ಅಂಚಿನಲ್ಲಿ ನಡೆಯುವ ಜನರು, ಸೈಕಲ್ಲಿನವರು, ಕೆಟ್ಟು ನಿಂತ ಟ್ರೇಲರು, ಮಲಗಿದ ದನ ಇವು ನಮಗೇ ಕಾಣದೆ ಹೋಗುವವು. ಆದ್ದರಿಂದ ಯಾವ ಕಣ್ಣು ಕುರುಡಾದರೂ ಅದನ್ನು ಅದೇ ದಿನ ಸರಿಪಡಿಸತಕ್ಕದ್ದು. ಪೂರ್ವದಲ್ಲಿ ನಮ್ಮ ಹಿರಿಯರು ಎತ್ತಿನ ಬಂಡಿಯ ಅಚ್ಚಿನ ಕೆಳಗೆ ಕಂದೀಲು ತೂಗಹಾಕಿ ರಾತ್ರಿ ಪಯಣ ಮಾಡುತ್ತಿದ್ದರು. ಎಣ್ಣೆ ತೀರಿದರೆ ಬಂಡಿಯನ್ನು ನಿಲ್ಲಿಸಿ ಎಣ್ಣೆ ಹಾಕುತ್ತಿದ್ದರೇ ಹೊರತು ಕತ್ತಲೆಯಲ್ಲಿ ಹೊಡೆಯುತ್ತಿರಲಿಲ್ಲ.

ಸರಕಾರದ ನಿಯಮವೂ ಇದನ್ನೇ ವಿಧಿಸುವದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸೂರ್ಯಾಸ್ತವಾದ ಅರ್ಧ ಗಂಟೆಯ ಮೇಲೆ ಹಾಗೂ ಬೆಳಕು ಸಾಲದ ಯಾವ ವೇಳೆಯಲ್ಲಿಯಾದರೂ, ಮುಂದೆ 155 ಮೀಟರ್ ದೂರದ ಜನರೂ ವಾಹನಗಳೂ ಸ್ಪಷ್ಟವಾಗಿ ಕಾಣುವಂತೆ ದೀಪಗಳು ಉರಿಯಬೇಕು. ಅವುಗಳ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು.

ಬಲ್ಬಿನ ರಚನೆ

ಕೆಲಸಕ್ಕೆ ಕೈಹಚ್ಚುವ ಮುನ್ನ ವಸ್ತುವನ್ನು ಅರಿಯುವದು ಲೇಸು. ಬಹಳಷ್ಟು ಕಾರು, ಜೀಪುಗಳಲ್ಲಿ ಎಚ್-4 ಎಂಬ ಜಾತಿಯ ಹ್ಯಾಲೋಜನ್ ಬಲ್ಬು ಇರುವದು. ಅದರ ಗಾಜಿನೊಳಗೆ ಟಂಗ್‌ಸ್ಟನ್ ಲೋಹದ ಎರಡು ತಂತಿಗಳಿರುವವು. ಒಂದು ದೂರದ ಬೆಳಕಿಗೆ, ಇನ್ನೊಂದು ತಗ್ಗಿಸಿದ ಬೆಳಕಿಗೆ. ತಗ್ಗಿಸಿದ ಬೆಳಕಿನ ತಂತಿಯ ಕೆಳಗೆ ಸಣ್ಣ ಲೋಹದ ದೊನ್ನೆಯೊಂದಿದ್ದು, ಬೆಳಕು ಕನ್ನಡಿಬಟ್ಟಲಿನ ಮೇಲ್ಭಾಗಕ್ಕೆ ಮಾತ್ರ ತಾಗಿ ನೆಲದ ಕಡೆಗೆ ಬಾಗುವಂತೆ ಅದು ಮಾಡುವದು. ಟಂಗ್‌ಸ್ಟನ್ ಲೋಹವು ಕರಗಬೇಕಾದರೆ 3422 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆದುದರಿಂದಲೇ ಅದು ಬೆಳ್ಳಗೆ ಕಾಯ್ದರೂ ಕರಗದೆ ನಿಲ್ಲುವದು. ಆದರೂ ಅದು ಕಣಕಣವಾಗಿ ಆವಿಯಾಗುತ್ತಿರುವದು. ಬಲ್ಬಿನೊಳಗಿನ ಹ್ಯಾಲೋಜನ್ ಅನಿಲವು ಆ ಕಣಗಳನ್ನು ಗಾಜಿಗೆ ಹತ್ತಗೊಡದೆ ಮರಳಿ ತಂತಿಗೆ ಮುಟ್ಟಿಸುವದು. ಈ ಜಾತಿಯ ದೀಪಗಳು ಮೋಟಾರುಗಳಿಗೆ ಬಂದದ್ದು 1960ರ ದಶಕದಲ್ಲಿ, ಯುರೋಪು ಖಂಡದಲ್ಲಿ.

ಇಂಥ ಬಲ್ಬಿನ ಗಾಜು ಗಾತ್ರದಲ್ಲಿ ಚಿಕ್ಕದು, ಶಾಖದಲ್ಲಿ ಬಲು ತೀಕ್ಷ್ಣವಾದದ್ದು. ಬರಿಗೈಯಿಂದ ಮುಟ್ಟಿದರೆ ಬೆರಳಿನ ಜಿಡ್ಡೂ ಬೆವರಿನ ಉಪ್ಪೂ ಗಾಜಿಗೆ ಹತ್ತಿ, ದೀಪ ಉರಿದಾಗ ಆ ಸ್ಥಳವು ಮಿತಿಮೀರಿ ಕಾಯ್ದು, ಬಲ್ಬು ಅಕಾಲದಲ್ಲಿ ಒಡೆಯುವದು. "ಹೊಸ ಬಲ್ಬು ಎಂಟು ದಿನವೂ ಬಾಳಲಿಲ್ಲ" ಎಂಬ ದೂರಿಗೆ ಅನೇಕ ವೇಳೆ ಇದೇ ಕಾರಣ.

ದೋಷವು ಎಲ್ಲಿದೆ ಎಂಬ ಪರೀಕ್ಷೆ

ಉಗುರಿನಿಂದ ಹೋಗುವದಕ್ಕೆ ಕೊಡಲಿ ಎತ್ತಬಾರದೆಂಬ ಗಾದೆಯಂತೆ ಮೊದಲು ದೋಷವನ್ನು ಗುರುತಿಸಬೇಕು.

1. ಒಂದೇ ಕಡೆಯ ದೀಪವು ಆರಿದ್ದರೆ, ಅಥವಾ ಒಂದೇ ದೀಪದಲ್ಲಿ ದೂರದ ಬೆಳಕು ಇದ್ದು ತಗ್ಗಿಸಿದ ಬೆಳಕು ಇಲ್ಲದಿದ್ದರೆ, ಬಹುಮಟ್ಟಿಗೆ ದೋಷವು ಬಲ್ಬಿನದು.

2. ಎರಡೂ ದೀಪಗಳು ಒಮ್ಮೆಲೇ ಆರಿದರೆ ಎರಡು ಬಲ್ಬುಗಳೂ ಒಂದೇ ಗಳಿಗೆಯಲ್ಲಿ ಕೆಟ್ಟಿರುವ ಸಂಭವವು ಕಡಿಮೆ. ಫ್ಯೂಜು, ರಿಲೇ ಅಥವಾ ಸ್ವಿಚ್ಚನ್ನು ಸಂಶಯಿಸತಕ್ಕದ್ದು. ಕೆಲವು ವಾಹನಗಳಲ್ಲಿ ಎಡಬಲ ದೀಪಗಳಿಗೆ ಬೇರೆ ಬೇರೆ ಫ್ಯೂಜುಗಳಿರುವದರಿಂದ ಒಂದೇ ದೀಪ ಆರಿದಾಗಲೂ ಫ್ಯೂಜನ್ನು ನೋಡುವದು ಒಳ್ಳೆಯದು.

3. ದೀಪವು ಉರಿದರೂ ಬೆಳಕು ಮಂಕಾಗಿ ಹಳದಿ ಬಣ್ಣಕ್ಕೆ ತಿರುಗಿದ್ದರೆ ತಂತಿಯ ಕೂಡಿಕೆಯಲ್ಲಿ ಕಿಲುಬು ಹಿಡಿದಿರುವದನ್ನು ಪರೀಕ್ಷಿಸಬೇಕು.

4. ಇನ್ನೂ ಸಂದೇಹವಿದ್ದರೆ ಎಡಬಲದ ಬಲ್ಬುಗಳನ್ನು ಅದಲುಬದಲು ಮಾಡಿ ನೋಡುವದು. ದೋಷವು ಬಲ್ಬಿನ ಸಂಗಡ ಆಚೆಗೆ ಹೋದರೆ ಬಲ್ಬು ಕೆಟ್ಟಿದೆ. ಇದ್ದಲ್ಲಿಯೇ ಉಳಿದರೆ ತಂತಿ ಕೆಟ್ಟಿದೆ.

ಸುಟ್ಟ ಫ್ಯೂಜಿನ ಸ್ಥಾನದಲ್ಲಿ ಅಷ್ಟೇ ಆಂಪಿಯರಿನ ಫ್ಯೂಜನ್ನೇ ಹಾಕತಕ್ಕದ್ದು. ತಾಮ್ರದ ಎಳೆಯನ್ನಾಗಲಿ, ಸಿಗರೇಟಿನ ಬೆಳ್ಳಿಕಾಗದವನ್ನಾಗಲಿ ತುರುಕುವದು ಕೊಟ್ಟಿಗೆಗೆ ಕೊಳ್ಳಿಯಿಟ್ಟಂತೆಯೇ ಸರಿ.

ಬೇಕಾಗುವ ಸಾಮಾನು

ಹೊಸ ಬಲ್ಬು, ಶುಭ್ರವಾದ ಒಣ ಬಟ್ಟೆ ಅಥವಾ ಕೈಚೀಲ, ಸ್ವಲ್ಪ ಸ್ಪಿರಿಟ್ಟು, ಒಂದು ಸ್ಕ್ರೂಡ್ರೈವರು, ಒಂದು ಸೀಮೆಸುಣ್ಣದ ತುಂಡು ಇಷ್ಟೇ ಸಾಕು.

ಬಲ್ಬನ್ನು ಕೊಳ್ಳುವಾಗ ಹಳೆಯ ಬಲ್ಬಿನ ಲೋಹದ ಬುಡದ ಮೇಲಿನ ಅಕ್ಷರಗಳನ್ನು ಓದಿ ಅಂಥದನ್ನೇ ಕೇಳಿ ಪಡೆಯಬೇಕು. ಎಚ್-4 ಬಲ್ಬಿನ ಮೇಲೆ ಸಾಮಾನ್ಯವಾಗಿ 12 ವೋಲ್ಟು, 60/55 ವ್ಯಾಟು ಎಂದಿರುವದು. ಬೇರೆ ವಾಹನಗಳಲ್ಲಿ ಎಚ್-7 ಮೊದಲಾದ ಬೇರೆ ಜಾತಿಗಳಿದ್ದು ಅವು ಒಂದಕ್ಕೊಂದು ಹೊಂದುವದಿಲ್ಲ. ದೊಡ್ಡ ಲಾರಿಗಳಲ್ಲಿ 24 ವೋಲ್ಟಿನ ಏರ್ಪಾಡಿರುವದರಿಂದ ಕಾರಿನ 12 ವೋಲ್ಟಿನ ಬಲ್ಬನ್ನು ಅವಕ್ಕೆ ಹಾಕಿದರೆ ಆ ಕ್ಷಣವೇ ಸುಟ್ಟು ಹೋಗುವದು. ಹೊಸ ಮಾದರಿಯ ಕಾರುಗಳಲ್ಲಿ ದೀಪವೇ ಒಂದು ಮುಚ್ಚಿದ ಎಲ್‌ಇಡಿ ಪೆಟ್ಟಿಗೆಯಾಗಿದ್ದರೆ ಅದು ಮನೆಯ ಕೆಲಸವಲ್ಲ, ಕುಶಲಕರ್ಮಿಯಲ್ಲಿಗೆ ಒಯ್ಯತಕ್ಕದ್ದು.

ಬದಲಿಸುವ ಕ್ರಮ

1. ಹಗಲು ಹೊತ್ತಿನಲ್ಲಿ ವಾಹನವನ್ನು ಸಮನೆಲದ ಮೇಲೆ ನಿಲ್ಲಿಸಿ ಕೈಬ್ರೇಕನ್ನು ಎಳೆಯಿರಿ. ಯಂತ್ರವನ್ನೂ ದೀಪಗಳನ್ನೂ ಆರಿಸಿ ಕೀಲಿಯನ್ನು ತೆಗೆದುಕೊಂಡು, ಹತ್ತು ಹದಿನೈದು ನಿಮಿಷ ಆರಲು ಬಿಡಿರಿ. ಈಗತಾನೆ ಆರಿದ ಬಲ್ಬು ಕೈಯನ್ನು ಸುಡುವದು.

2. ಬಾನೆಟ್ಟನ್ನು ಎತ್ತಿ ಭದ್ರವಾಗಿ ಊರುಗೋಲು ಕೊಡಿರಿ. ದೀಪದ ಹಿಂಭಾಗದಲ್ಲಿ ಕಪ್ಪು ರಬ್ಬರಿನ ಟೊಪ್ಪಿಗೆಯೂ ಅದರೊಳಗಿಂದ ಹೊರಬಂದ ಮೂರು ತಂತಿಗಳ ಕೂಡಿಕೆಯೂ ಕಾಣುವವು. ಬ್ಯಾಟರಿಯೋ ಗಾಳಿಶೋಧಕದ ಪೆಟ್ಟಿಗೆಯೋ ಅಡ್ಡವಾಗಿದ್ದರೆ ವಾಹನದ ಕೈಪಿಡಿಯಲ್ಲಿ ಹೇಳಿದಂತೆ ಅದನ್ನು ಸರಿಸಿಕೊಳ್ಳಬೇಕು.

3. ಕೂಡಿಕೆಯ ತುದಿಯನ್ನು ಹಿಡಿದು ನೆಟ್ಟಗೆ ಹಿಂದಕ್ಕೆ ಎಳೆಯಿರಿ. ತಂತಿಗಳನ್ನು ಹಿಡಿದು ಜಗ್ಗಬಾರದು. ಬಹುದಿನದಿಂದ ಬಿಗಿದಿದ್ದರೆ ಮೆಲ್ಲಗೆ ಅತ್ತಿತ್ತ ಅಲುಗಿಸಿದರೆ ಸಡಿಲವಾಗುವದು. ಅದು ಕರಗಿಯೋ ಕಪ್ಪಾಗಿಯೋ ಇದ್ದರೆ ಅದನ್ನೂ ಬದಲಿಸತಕ್ಕದ್ದು.

4. ರಬ್ಬರಿನ ಟೊಪ್ಪಿಗೆಯನ್ನು ಅಂಚಿನಿಂದ ಸುಲಿದು ತೆಗೆಯಿರಿ. ಅದರ ಮೇಲ್ಭಾಗ ಯಾವುದೆಂದು ಗುರುತಿಟ್ಟುಕೊಳ್ಳಿರಿ.

5. ಬಲ್ಬನ್ನು ಅದುಮಿ ಹಿಡಿದ ಉಕ್ಕಿನ ತಂತಿಯ ಕೊಂಡಿಯನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಅದು ಬಿಡಿಸಿಕೊಳ್ಳುವದು. ಬಿಡಿಸುವ ಮೊದಲು ಅದು ಹೇಗೆ ಸಿಕ್ಕಿಕೊಂಡಿದೆಯೆಂಬುದನ್ನು ಚೆನ್ನಾಗಿ ನೋಡಿಕೊಂಡರೆ ತಿರುಗಿ ಹಾಕುವಾಗ ತೊಂದರೆಯಾಗಲಾರದು.

6. ಹಳೆಯ ಬಲ್ಬನ್ನು ಹೊರತೆಗೆಯಿರಿ. ಗಾಜಿನೊಳಗೆ ಕಡಿದ ತಂತಿಯನ್ನಾಗಲಿ, ಕರಿಮಸಿ ಅಥವಾ ಬಿಳಿ ಬೂದಿಯನ್ನಾಗಲಿ ಕಂಡರೆ ಬಲ್ಬು ಕೆಟ್ಟದ್ದು ಖಂಡಿತ. ಕನ್ನಡಿಬಟ್ಟಲಿನೊಳಗೆ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ಹಾಕಬೇಡಿರಿ. ಅದರ ಹೊಳಪು ಒಮ್ಮೆ ಕೆಟ್ಟರೆ ಮರಳಿ ಬಾರದು.

7. ಹೊಸ ಬಲ್ಬನ್ನು ಲೋಹದ ಬುಡದಿಂದಲೇ ಹಿಡಿದು ಒಳಗಿಡಿರಿ. ಬುಡದ ಸುತ್ತಲಿನ ಮೂರು ಕಿವಿಗಳು ಬಟ್ಟಲಿನ ಮೂರು ಕಚ್ಚುಗಳಲ್ಲಿ ಒಂದೇ ರೀತಿಯಿಂದ ಕೂಡುವವು. ಕೂಡದಿದ್ದರೆ ಬಲಾತ್ಕಾರ ಮಾಡದೆ ತುಸು ತಿರುಗಿಸಿ ನೋಡಬೇಕು. ಮರೆತು ಗಾಜನ್ನು ಮುಟ್ಟಿದ್ದರೆ ಸ್ಪಿರಿಟ್ಟಿನಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕತಕ್ಕದ್ದು.

8. ಕೊಂಡಿಯನ್ನು ಸಿಕ್ಕಿಸಿ, ರಬ್ಬರಿನ ಟೊಪ್ಪಿಗೆಯನ್ನು ಸುತ್ತಲೂ ಬಿಗಿಯಾಗಿ ಕೂರಿಸಿ, ತಂತಿಯ ಕೂಡಿಕೆಯನ್ನು ಪೂರ್ತಿ ಒತ್ತಿರಿ. ಟೊಪ್ಪಿಗೆಯು ಸಡಿಲವಿದ್ದರೆ ನಮ್ಮ ಎರೆಹೊಲದ ದಾರಿಯ ಧೂಳೂ ಮಳೆಯ ತೇವವೂ ಒಳಹೊಕ್ಕು ಕನ್ನಡಿಯನ್ನು ಮಂಕು ಮಾಡುವವು.

9. ದೀಪವನ್ನು ಹೊತ್ತಿಸಿ ತಗ್ಗಿಸಿದ ಬೆಳಕು, ದೂರದ ಬೆಳಕು ಎರಡನ್ನೂ ಪರೀಕ್ಷಿಸಿರಿ.

ಟ್ರ್ಯಾಕ್ಟರಿನ ದೀಪಕ್ಕೂ ಇದೇ ಕ್ರಮವು ಸಲ್ಲುವದು. ಕೆಲವು ಟ್ರ್ಯಾಕ್ಟರುಗಳಲ್ಲಿ ದೀಪದ ಮುಂದಿನ ಬಳೆಯ ತಿರುಪನ್ನು ಬಿಚ್ಚಿ ಬಟ್ಟಲನ್ನೇ ಹೊರತೆಗೆಯಬೇಕಾಗುವದು. ಅವುಗಳ ಬಲ್ಬಿನ ವ್ಯಾಟು ಕಾರಿನದಕ್ಕಿಂತ ಭಿನ್ನವಾಗಿರಬಹುದಾದ್ದರಿಂದ ಹಳೆಯ ಬಲ್ಬನ್ನು ಅಂಗಡಿಗೆ ಒಯ್ದು ತೋರಿಸುವದು ಉತ್ತಮ.

ಬೆಳಕಿನ ಗುರಿ

ಬಲ್ಬು ಉರಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸಂಜೆಗತ್ತಲಾದ ಮೇಲೆ ಗೋದಾಮಿನ ಅಥವಾ ಶಾಲೆಯ ಗೋಡೆಯ ಎದುರಿಗೆ ಸಮನೆಲದಲ್ಲಿ 25 ಅಡಿ ದೂರಕ್ಕೆ ವಾಹನವನ್ನು ನಿಲ್ಲಿಸಿರಿ. ನೆಲದಿಂದ ದೀಪದ ನಡುವಿನವರೆಗಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಎತ್ತರಕ್ಕೆ ಗೆರೆ ಎಳೆಯಿರಿ. ತಗ್ಗಿಸಿದ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು ಮೂರು ಇಂಚು ಕೆಳಗೆ ಬಿದ್ದರೆ ಸರಿಯಾಗಿದೆಯೆಂದು ತಿಳಿಯಬಹುದು. ಎಡಕ್ಕೆ ಅಂಚು ಸ್ವಲ್ಪ ಮೇಲೇರುವದು ದೋಷವಲ್ಲ. ರಸ್ತೆಯ ಬದಿಯನ್ನು ತೋರಿಸುವ ಸಲುವಾಗಿ ಹಾಗೆ ಮಾಡಿರುವರು. ಎರಡೂ ದೀಪಗಳ ಅಂಚು ಸಮನಾಗಿರದಿದ್ದರೆ ಬಲ್ಬು ಕಚ್ಚಿನಲ್ಲಿ ಸರಿಯಾಗಿ ಕೂಡ್ರದಿರುವದೇ ಮೊದಲ ಕಾರಣ. ಇನ್ನೊಮ್ಮೆ ತೆಗೆದು ಕೂರಿಸಬೇಕು. ವಾಹನದ ಹಿಂಭಾಗಕ್ಕೆ ಹೆಚ್ಚು ಭಾರ ಹೇರಿದಾಗ ಮೂಗು ಎತ್ತಿ ಬೆಳಕು ಮೇಲಕ್ಕೇರುವದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು. ಬೆಳಕನ್ನು ತಗ್ಗಿಸುವ ಗುಂಡಿಯು ವಾಹನದಲ್ಲಿದ್ದರೆ ಆಗ ಅದನ್ನು ಬಳಸಬೇಕು.

ಹೆಚ್ಚಿನ ವ್ಯಾಟಿನ ಆಸೆ

ಬಲ್ಬು ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ 100/90 ವ್ಯಾಟಿನ ಬಲ್ಬು ಕಂಡು ಅದರ ಮೋಹ ಹುಟ್ಟುವದು ಸಹಜ. ಲೆಕ್ಕವನ್ನು ನೋಡಿರಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ತಂತಿಯಲ್ಲಿ ಹರಿಯುವ ಆಂಪಿಯರು ಸಿಗುವದು. 60 ವ್ಯಾಟಿಗೆ 5 ಆಂಪಿಯರು. 100 ವ್ಯಾಟಿಗೆ 8 ಆಂಪಿಯರಿಗೂ ಮೇಲೆ. ಒಂದು ಪಂಪಿಗೆ ಹಾಕಿದ ತಂತಿಯಿಂದ ಹೆಚ್ಚಿನ ಶಕ್ತಿಯ ಪಂಪನ್ನು ನಡೆಸಿದರೆ ಏನಾಗುವದೆಂಬುದು ತೋಟದವರಿಗೆ ಹೇಳಬೇಕಾದ ಮಾತಲ್ಲ. ಇಲ್ಲಿಯೂ ಅದೇ ನ್ಯಾಯ: ಕೂಡಿಕೆ ಕರಗುವದು, ಸ್ವಿಚ್ಚು ಸುಡುವದು, ಕೆಲವು ಸಲ ವಾಹನಕ್ಕೇ ಬೆಂಕಿ ತಗಲುವದು.

ಹ್ಯಾಲೋಜನ್ ಬಲ್ಬಿನ ಸ್ಥಾನದಲ್ಲಿ ಕೂರಿಸುವ ಬಿಳಿಬೆಳಕಿನ ಎಲ್‌ಇಡಿ ಬಲ್ಬುಗಳ ವಿಷಯವೂ ವಿಚಾರಾರ್ಹವಾದದ್ದು. ಕನ್ನಡಿಬಟ್ಟಲಿನ ಬಾಗು ಟಂಗ್‌ಸ್ಟನ್ ತಂತಿಯಿರುವ ಸ್ಥಳವನ್ನು ನೋಡಿ ಮಾಡಿದ್ದು. ಬೆಳಕಿನ ಮೂಲವು ಕೂದಲೆಳೆಯಷ್ಟು ಸರಿದರೂ ಕಿರಣಗಳು ಚೆದರಿ ಎದುರಿನವನ ಕಣ್ಣಿಗೆ ಹೊಡೆಯುವವು. ಕಣ್ಣು ಕತ್ತಲಿಸಿದವನು ನಮ್ಮ ವಾಹನಕ್ಕೇ ಬಂದು ಹಾಯುವನು. ಹಾಗಾದರೆ ನಾವು ಹಣ ಕೊಟ್ಟು ಕೊಂಡದ್ದು ಬೆಳಕನ್ನೋ ಕೇಡನ್ನೋ?

ಟ್ರೇಲರಿನ ಹಿಂದೀಪ

ಮುಂದೀಪದ ಪಾಠದಲ್ಲಿ ಹಿಂದೀಪವನ್ನು ಮರೆಯುವದು ಸಲ್ಲದು. ಕಬ್ಬು ತುಂಬಿದ ಟ್ರೇಲರಿನ ಹಿಂದೆ ಇಳಿಬಿದ್ದ ಸೋಗೆಯು ದೀಪವನ್ನು ಮುಚ್ಚಿದ್ದರೆ ಹಿಂದಿನಿಂದ ಬರುವವನಿಗೆ ಅದು ಕತ್ತಲೆಯ ಗೋಡೆಯೇ. ಹಿಂದಿನ ಕೆಂಪು ದೀಪದ ಬಲ್ಬು ಸಾಮಾನ್ಯವಾಗಿ 12 ವೋಲ್ಟು, 21/5 ವ್ಯಾಟಿನದು. ಕೆಂಪು ಮುಚ್ಚಳದ ತಿರುಪುಗಳನ್ನು ಬಿಚ್ಚಿ, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಹೊರಬರುವದು. ಅದರ ಎರಡು ಮೊಳೆಗಳು ಮೇಲುಕೆಳಗಾಗಿರುವದರಿಂದ ಹೊಸದು ಒಂದೇ ರೀತಿಯಿಂದ ಕೂಡುವದು. ಇದರ ಜೊತೆಗೆ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿಗಳನ್ನು ಅಂಟಿಸಿ, ಹೇರು ಕಟ್ಟಿದ ಮೇಲೆ ಅವು ಕಾಣುವವೋ ಇಲ್ಲವೋ ಎಂದು ನೋಡತಕ್ಕದ್ದು. ಬ್ಯಾಟರಿ ಸತ್ತರೂ ಪಟ್ಟಿಯು ಪರರ ಬೆಳಕಿನಿಂದ ಹೊಳೆಯುವದು.

ಗ್ರಾಮಪ್ರಮುಖರಿಗೆ ಸೂಚನೆ

ಊರಿನಲ್ಲಿ ಸುಗ್ಗಿಯು ಆರಂಭವಾಗುವ ಮೊದಲು ಒಂದು ಸಂಜೆ ವಾಹನಗಳೆಲ್ಲವನ್ನೂ ಚಾವಡಿಯ ಅಥವಾ ಶಾಲೆಯ ಬಯಲಿನಲ್ಲಿ ಕೂಡಿಸಿ, ಗೋಡೆಯ ಎದುರಿಗೆ ಒಂದೊಂದಾಗಿ ದೀಪ ಹೊತ್ತಿಸಿ ನೋಡುವ ವಾಡಿಕೆಯನ್ನು ಹಾಕಿದರೆ ಬಹಳ ಹಿತವಾಗುವದು. ಬೈಲಹೊಂಗಲಿನ ಸಂತೆಗೆ ಹೋಗುವ ಎತ್ತಿನ ಲಾಳವನ್ನು ಹಿಂದಿನ ದಿನವೇ ನೋಡುವ ಒಕ್ಕಲಿಗನಿಗೆ ಇದು ಹೊಸ ಪಾಠವಲ್ಲ. ಬಲ್ಬು ಬದಲಿಸಲು ಬಲ್ಲ ಇಬ್ಬರು ಮೂವರು ತರುಣರು ಪ್ರತಿ ಊರಿನಲ್ಲಿಯೂ ಇರುವರು. ಅವರು ಉಳಿದವರಿಗೆ ಕೈಹಿಡಿದು ಕಲಿಸಬೇಕು. ಪ್ರತಿಯೊಂದು ವಾಹನದಲ್ಲಿಯೂ ಒಂದು ಹೆಚ್ಚಿನ ಬಲ್ಬನ್ನೂ ಎರಡು ಫ್ಯೂಜುಗಳನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಇಡತಕ್ಕದ್ದು. ಒಂದು ಕಡೆಯ ಬಲ್ಬು ವಯಸ್ಸು ತೀರಿ ಸತ್ತರೆ ಅದರ ಜೊತೆಗೆ ಹಾಕಿದ ಇನ್ನೊಂದೂ ಬಹು ದಿನ ಬಾಳಲಾರದು.

ಭೂಮಾಲೀಕರು ತಮ್ಮ ಚಾಲಕನಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿರಬೇಕು. ದೀಪ ಕೆಟ್ಟ ವಾಹನವನ್ನು ನಿಲ್ಲಿಸಿದ್ದಕ್ಕಾಗಿ ಅವನ ಮೇಲೆ ಸಿಟ್ಟಾಗುವದಿಲ್ಲ, ಅವನ ಕೂಲಿ ಮುರಿಯುವದಿಲ್ಲ ಎಂಬ ಮಾತದು. ಕಾರಖಾನೆಯ ಸರದಿ ತಪ್ಪೀತೆಂಬ ಆತುರದಿಂದಲೂ, ಒಡೆಯನು ಬೈದಾನೆಂಬ ಅಂಜಿಕೆಯಿಂದಲೂ ಒಕ್ಕಣ್ಣಿನ ಗಾಡಿಗಳು ರಸ್ತೆಗೆ ಇಳಿಯುವವು. ಒಂದು ರಾತ್ರಿ ತಡವಾದರೆ ಕಬ್ಬಿನ ತೂಕವು ಸ್ವಲ್ಪ ಕುಗ್ಗಬಹುದು. ಆ ನಷ್ಟವನ್ನು ಮುಂದಿನ ಹೇರಿನಲ್ಲಿ ತುಂಬಿಕೊಳ್ಳಬಹುದು. ದಾರಿಯಲ್ಲಿ ಹೋದ ಜೀವವನ್ನು ಯಾವ ಹೇರಿನಲ್ಲಿ ತುಂಬಿಕೊಳ್ಳುವದು?

ಗ್ರಾಮಪ್ರಮುಖರು ಈ ಪಾಠವನ್ನು ಊರವರಿಗೆ ಓದಿ ಹೇಳಿ, ತಮ್ಮ ವಾಹನದಿಂದಲೇ ಪರೀಕ್ಷೆಯನ್ನು ಮೊದಲು ಮಾಡಬೇಕೆಂದು ವಿನಂತಿಯುಂಟು.